ಬಿದ್ದವನ ಕೈ ಹಿಡಿಯಲು ಬಿದ್ದು ಎದ್ದವನೇ ಬೇಕು

ಮದ್ಯಪಾನ ವರ್ಜ್ಯವೆಂದು ಸಾರಿದ ಧರ್ಮ ನಮ್ಮದು. ಲಿಂಗಧಾರಣೆಯಾದ ದೇಹದಲ್ಲಿ ಹೆಂಡಕ್ಕೆ ಎಡೆಯಿಲ್ಲವೆಂಬುದನ್ನು ನಮ್ಮ ಮನೆಗಳಲ್ಲಿ ಅಕ್ಷರಾಭ್ಯಾಸಕ್ಕಿಂತ ಮೊದಲೇ ಮಕ್ಕಳಿಗೆ ಹೇಳಿಕೊಡುತ್ತೇವೆ. ಆದ್ದರಿಂದಲೇ ಇರಬೇಕು, ನಮ್ಮ ಸಮಾಜದ ಮನೆಯೊಂದರಲ್ಲಿ ಯಾರಾದರೂ ಕುಡಿತಕ್ಕೆ ಬಿದ್ದರೆ ಆ ಸುದ್ದಿ ಹೊಸ್ತಿಲು ದಾಟುವುದಿಲ್ಲ. ಮದುವೆಗೆ ಬಂದ ಹೆಣ್ಣುಮಕ್ಕಳಿದ್ದಾರೆ, ಬೀಗರಿಗೆ ತಿಳಿದೀತು, ಮಠಕ್ಕೆ ಮಾತು ಮುಟ್ಟೀತು ಎಂಬ ಅಂಜಿಕೆ. "ಯಜಮಾನರಿಗೆ ಮೈ ಸರಿಯಿಲ್ಲ" ಎಂಬ ಒಂದು ಮಾತಿನ ಮರೆಯಲ್ಲಿ ಹತ್ತು ಹದಿನೈದು ವರ್ಷಗಳು ಕಳೆದುಹೋಗುತ್ತವೆ. ಇಷ್ಟಲಿಂಗದ ಕರಡಿಗೆ ದೇವರ ಮನೆಯ ಗೂಟಕ್ಕೆ ಏರಿ ಅಲ್ಲಿಯೇ ಉಳಿಯುತ್ತದೆ. ಕುಡಿಯುವವನಿಗೆ ತನ್ನ ಮೇಲೆ ತನಗೇ ಹೇಸಿಕೆ. ಆ ಹೇಸಿಕೆಯನ್ನು ಮರೆಯಲು ಮತ್ತೆ ಕುಡಿತ. ಕುಡಿತವನ್ನು ನಿಷೇಧಿಸಿದ ಸಮಾಜಗಳಲ್ಲಿ ಕುಡಿತ ಇಲ್ಲವೆಂದಲ್ಲ, ಅದು ಕದ್ದು ನಡೆಯುತ್ತದೆ. ಕದ್ದು ನಡೆಯುವ ರೋಗಕ್ಕೆ ಔಷಧಿಯೂ ತಡವಾಗಿಯೇ ದೊರೆಯುತ್ತದೆ.

ಈ ಮಾತುಗಳನ್ನು ನಾವು ವಿಶೇಷವಾಗಿ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ಸೀಮೆಯ ಭಕ್ತಕುಟುಂಬಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇವೆ. ಕಾವೇರಿ, ಲಕ್ಷ್ಮಣತೀರ್ಥ, ಕಪಿಲೆಯರು ಹರಿಯುವ ಈ ನಾಡಿನ ಒಕ್ಕಲುತನದ ಲಯವನ್ನು ಅರಿಯದೆ ಇಲ್ಲಿನ ಕುಡಿತವನ್ನು ಅರಿಯಲಾಗದು.

ಇದು ಹೊಗೆಸೊಪ್ಪಿನ ಸೀಮೆ. ಸಿಗರೇಟಿಗೆ ಹೋಗುವ ವರ್ಜೀನಿಯಾ ತಂಬಾಕನ್ನು ಕರ್ನಾಟಕದಲ್ಲಿ ಬಹುಮಟ್ಟಿಗೆ ಬೆಳೆಯುವವರು ಈ ಭಾಗದ ರೈತರು. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಹರಾಜು ಮಾರುಕಟ್ಟೆಗಳ ಹೆಸರು ಇಲ್ಲಿನ ಎಳೆಯ ಮಕ್ಕಳಿಗೂ ಗೊತ್ತು. ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿಗೆ ಏರಿಸಿದ ಮೇಲೆ ಐದಾರು ದಿನ ಹಗಲಿರುಳು ಉರಿ ಆರಬಾರದು. ಬಿಸಿ ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಮಳೆಗಾಲದ ನಡುರಾತ್ರಿ ಒಲೆಯ ಮುಂದೆ ನಿದ್ದೆಗೆಟ್ಟು ಕೂತವರಿಗೆ "ಚಳಿಗೆ ಒಂದಿಷ್ಟು" ಎಂದು ಮೊದಲಾಗುವುದು ಮುಂದೆ ಚಳಿ ಇಲ್ಲದ ರಾತ್ರಿಗಳಿಗೂ ಹಬ್ಬುತ್ತದೆ. ಬಳಿಕ ಹರಾಜಿನ ಕಾಲ. ವರ್ಷವೆಲ್ಲ ಸಾಲದಲ್ಲಿ ತಿರುಗಿದ ಮನೆಗೆ ಒಮ್ಮೆಲೇ ಹಣ ಬರುವ ತಿಂಗಳುಗಳವು. ಬೆಲೆ ಬಂದರೆ ಸಂತೋಷಕ್ಕೆ ಕುಡಿತ, ಬೆಲೆ ಬಿದ್ದರೆ ದುಃಖಕ್ಕೆ ಕುಡಿತ. ಬೇಲು ಮಾರಿದ ದುಡ್ಡು ಊರಿಗೆ ಬರುವ ದಾರಿಯಲ್ಲಿ ಎಷ್ಟು ಕರಗಿತು ಎಂಬ ಲೆಕ್ಕ ಹೆಂಡತಿಗೆ ಮಾತ್ರ ತಿಳಿದಿರುತ್ತದೆ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ನಮ್ಮ ಎಷ್ಟೋ ಮನೆಗಳ ಮಕ್ಕಳ ಓದು, ಹೆಣ್ಣುಮಕ್ಕಳ ಮದುವೆ, ಮಠಕ್ಕೆ ಸಲ್ಲುವ ಕಾಣಿಕೆ ಕೂಡ ಹೊಗೆಸೊಪ್ಪಿನಿಂದ ಬಂದದ್ದು. ಲೋಕಕ್ಕೆ ಒಂದು ವ್ಯಸನವನ್ನು ಬೆಳೆದುಕೊಟ್ಟು ಬದುಕುವ ನಾವು ಇನ್ನೊಂದು ವ್ಯಸನದಲ್ಲಿ ಬಿದ್ದವನನ್ನು ಪಾಪಿಯೆಂದು ದೂರುವಾಗ ದನಿಯನ್ನು ಸ್ವಲ್ಪ ತಗ್ಗಿಸುವುದು ಒಳ್ಳೆಯದು.

ಕೃಷ್ಣರಾಜನಗರದ ನಾಲೆಯ ಬಯಲಿನಲ್ಲಿ ಇದೇ ಕಥೆ ಭತ್ತದ ಸುಗ್ಗಿಯ ರೂಪದಲ್ಲಿ ನಡೆಯುತ್ತದೆ. ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ಮತ್ತಷ್ಟು ಕಹಿ. ಕಾಡು ಬಿಟ್ಟು ಬರಬೇಕಾಗಿ ಬಂದ ಜೇನುಕುರುಬ, ಕಾಡುಕುರುಬ, ಎರವ ಕುಟುಂಬಗಳಲ್ಲಿ ನೆಲ ಕಳೆದುಕೊಂಡ ನೋವಿನ ಜೊತೆಗೆ ಕುಡಿತವೂ ಬೆಳೆಯಿತು. ಅವರ ಹಾಡಿಗೆ ಕೂಲಿಯ ಬದಲು ಸಾರಾಯಿ ಕೊಟ್ಟವರು ಯಾರೆಂಬ ಪ್ರಶ್ನೆಯನ್ನು ಊರಿನ ಜಮೀನುದಾರರಾದ ನಾವೆಲ್ಲರೂ ಕೇಳಿಕೊಳ್ಳಬೇಕಾದದ್ದೇ.

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಮಾರಾಟ ನಿಂತಿತು. ಪ್ಯಾಕೆಟ್ ಸಾರಾಯಿ ಹೋಯಿತೆಂದು ಹೆಣ್ಣುಮಕ್ಕಳು ನಿಟ್ಟುಸಿರು ಬಿಟ್ಟರು. ಅದರ ಜಾಗಕ್ಕೆ ಅಗ್ಗದ ವಿಸ್ಕಿ, ಬ್ರಾಂದಿಗಳ 90 ಮಿಲಿಲೀಟರಿನ ಪುಟ್ಟ ಪೊಟ್ಟಣಗಳು ಬಂದವು. ಈಗ ಅವು ಪರವಾನಗಿ ಇಲ್ಲದ ಪೆಟ್ಟಿಗೆ ಅಂಗಡಿಯಲ್ಲಿಯೂ ಬೀಡಿ, ಬೆಂಕಿಪೊಟ್ಟಣದ ಪಕ್ಕದಲ್ಲಿ ದೊರೆಯುತ್ತವೆಂಬುದು ಹಳ್ಳಿಯಲ್ಲಿ ಯಾರಿಗೂ ರಹಸ್ಯವಲ್ಲ.

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆಂದೂ, ಅವರಲ್ಲಿ 5 ಕೋಟಿ 70 ಲಕ್ಷ ಜನಕ್ಕೆ ಕುಡಿತದ ತೊಂದರೆಗಾಗಿ ನೆರವು ಬೇಕೆಂದೂ ಹೇಳಿತು. ನಮ್ಮನ್ನು ಹೆಚ್ಚು ಕಾಡಿದ ಅಂಕಿ ಬೇರೆ. ಕುಡಿತವಿಲ್ಲದೆ ಇರಲಾರದ ಸ್ಥಿತಿಗೆ ಮುಟ್ಟಿದ 38 ಜನರಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ದೊರೆತಿದೆ. ಉಳಿದ 37 ಜನ ಎಲ್ಲಿದ್ದಾರೆ? ಮನೆಗಳಲ್ಲಿಯೇ ಇದ್ದಾರೆ, "ಮೈ ಸರಿಯಿಲ್ಲ" ಎಂಬ ಮಾತಿನ ಹಿಂದೆ.

ಆಣೆ ಇಟ್ಟ ಮೇಲೆ ಏನು?

ನಮ್ಮ ಸಮಾಜ ಈ ವಿಷಯದಲ್ಲಿ ಕೈಕಟ್ಟಿ ಕುಳಿತಿಲ್ಲ. ಇಳಕಲ್ಲಿನ ಚಿತ್ತರಗಿ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟದ್ದು ಭಕ್ತರೆಲ್ಲ ಬಲ್ಲ ಸಂಗತಿ. ಜಂಗಮನ ಜೋಳಿಗೆಗೆ ಕಾಳು ಬೀಳಬೇಕು. ಅವರು ಕೇಳಿದ್ದು ಭಕ್ತರ ದುಶ್ಚಟಗಳನ್ನು. ಬೀದಿ ಬೀದಿಗೆ, ಕೇರಿ ಕೇರಿಗೆ ಜಾತಿಯ ಎಣಿಕೆಯಿಲ್ಲದೆ ಅವರು ನಡೆದರು. 2018ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಣೆಗೆ ತಂದಿತು. ಬೇಡುವವನು ಕೆಳಗೆ ನಿಂತು ಬೇಡಿದ್ದರಿಂದ ಕುಡುಕನಿಗೆ ಮೊದಲ ಬಾರಿಗೆ ತಾನು ಕೊಡುವವನೆಂಬ ಮಾನ ದೊರೆಯಿತು. ಜೋಳಿಗೆಯ ಬಲವಿದ್ದದ್ದು ಅಲ್ಲಿ ಎಂದು ನಾವು ಭಾವಿಸುತ್ತೇವೆ.

ಆದರೆ ಜೋಳಿಗೆಗೆ ಹಾಕಿದ ಚಟ ಮೂರು ತಿಂಗಳಿಗೆ ಮತ್ತೆ ಮನೆಗೆ ಮರಳಿ ಬಂದರೆ? ನಮ್ಮ ಸೀಮೆಯಲ್ಲಿ ಸ್ವಾಮಿಗಳ ಪಾದಕ್ಕೆ ಅಡ್ಡಬಿದ್ದು "ಬುದ್ಧಿ, ಇನ್ನು ಮುಟ್ಟುವುದಿಲ್ಲ" ಎಂದು ಗದ್ದುಗೆಯ ಮುಂದೆ ಆಣೆ ಇಡುವವರು ಬಹಳ. ಆಣೆ ಇಡುವ ಗಳಿಗೆಯಲ್ಲಿ ಅವರ ಮನಸ್ಸು ನಿಜವಾಗಿಯೂ ಶುದ್ಧವಾಗಿಯೇ ಇರುತ್ತದೆ. ಆ ಬಳಿಕ ಸಂಜೆ ಆರು ಗಂಟೆ ಎಂಬುದೊಂದು ಬರುತ್ತದೆ. ಕೈ ನಡುಗುತ್ತದೆ, ಗೆಳೆಯರು ಕರೆಯುತ್ತಾರೆ, ಮನೆಯಲ್ಲಿ ಹಳೆಯ ಸಾಲದ ಮಾತು ಏಳುತ್ತದೆ. ಆ ಹೊತ್ತಿಗೆ ಬುದ್ಧಿಯವರು ಮಠದಲ್ಲಿ ಪೂಜೆಯಲ್ಲಿರುತ್ತಾರೆ. ಆಣೆ ಮುರಿದವನಿಗೆ ಮಠದ ಮೆಟ್ಟಿಲು ಹತ್ತುವ ಧೈರ್ಯ ಮತ್ತೆ ಬರುವುದಿಲ್ಲ. ಮೊದಲಿದ್ದದ್ದು ಕುಡಿತದ ತಪ್ಪೊಂದೇ, ಈಗ ದೇವರಿಗೆ ತಪ್ಪಿ ನಡೆದ ತಪ್ಪು ಬೇರೆ. ಎಷ್ಟೋ ಜನ ಆಣೆ ಇಟ್ಟ ಕಾರಣದಿಂದಲೇ ಮಠದಿಂದ ಶಾಶ್ವತವಾಗಿ ದೂರವಾಗಿದ್ದಾರೆ. ಸಂಜೆ ಆರು ಗಂಟೆಗೆ ಅವನ ಪಕ್ಕದಲ್ಲಿ ಕೂರುವವರು ಯಾರು ಎಂಬುದೇ ಮುಖ್ಯ ಪ್ರಶ್ನೆ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹೆಂಡದ ಮಾರಯ್ಯನೆಂಬ ಶರಣನಿದ್ದ. 'ಧರ್ಮೇಶ್ವರಲಿಂಗ' ಎಂಬ ಅಂಕಿತದಲ್ಲಿ ಅವನ ಕೆಲವು ವಚನಗಳು ನಮಗೆ ದೊರೆತಿವೆ. ಹೆಸರೇ ಹೇಳುವಂತೆ ಅವನದು ಹೆಂಡ ಮಾರುವ ವೃತ್ತಿ. ತನ್ನ ಬಳಿಗೆ ಕುಡಿಯಲು ಬಂದವರಿಗೇ ಹೆಂಡದ ಕೇಡನ್ನು ತಿಳಿಹೇಳಿ ಭಕ್ತಿಯ ಕಡೆಗೆ ತಿರುಗಿಸಿದನೆಂದು ಪರಂಪರೆ ಅವನನ್ನು ನೆನೆಯುತ್ತದೆ. ಗಡಂಗಿಗೆ ಎಂದೂ ಕಾಲಿಡದ ಪಂಡಿತನ ಮಾತನ್ನು ಆ ಜನ ಕೇಳುತ್ತಿದ್ದರೋ ಇಲ್ಲವೋ. ಹೆಂಡದ ಒಳಹೊರಗುಗಳನ್ನು ಬಲ್ಲವನು ಹೇಳಿದಾಗ ಕೇಳಿದರು. ಕಳ್ಳನಾಗಿದ್ದ ಉರಿಲಿಂಗಪೆದ್ದಿಯನ್ನು ಹಳೆಯ ಬಾಳಿನ ನೆಪದಿಂದ ಶರಣರು ಹೊರಗಿಡಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಅನುಭವ ಮಂಟಪವೆಂಬ ಹೆಸರಿನಲ್ಲಿ ಇರುವುದು ಅನುಭವ ಎಂಬ ಮಾತು. ಓದಿದ್ದನ್ನು ಒಪ್ಪಿಸುವ ಜಾಗ ಅದಲ್ಲ, ಬಾಳಿದ್ದನ್ನು ಹೇಳಿಕೊಳ್ಳುವ ಜಾಗ.

ಇಬ್ಬರು ಕುಡುಕರು ಕೂತು ಮಾತನಾಡಿದ್ದು

ಇದೇ ಸತ್ಯ ಬಹು ದೂರದ ಇನ್ನೊಂದು ನಾಡಿನಲ್ಲಿ ಬೇರೆ ರೀತಿಯಿಂದ ಹೊಳೆಯಿತು. 1935ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ಎಂಬ ಪಟ್ಟಣಕ್ಕೆ ವ್ಯವಹಾರಕ್ಕೆಂದು ಹೋಗಿದ್ದ ಬಿಲ್ ಎಂಬ ಷೇರು ವ್ಯಾಪಾರಿ ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ವ್ಯವಹಾರ ಕೆಟ್ಟಿತು. ಇಳಿದುಕೊಂಡಿದ್ದ ಹೋಟೆಲಿನ ಬಾರಿನಿಂದ ನಗೆಯ ಸದ್ದು ಕೇಳುತ್ತಿತ್ತು. ಒಳಗೆ ಹೋದರೆ ಮುಗಿಯಿತೆಂದು ತಿಳಿದ ಆತ ದೂರವಾಣಿ ಹಿಡಿದು, ತನ್ನಂತೆಯೇ ನರಳುತ್ತಿರುವ ಇನ್ನೊಬ್ಬ ಕುಡುಕನ ಜೊತೆ ಮಾತನಾಡಬೇಕೆಂದು ಅಪರಿಚಿತರನ್ನು ವಿಚಾರಿಸಿದ. ಹೀಗೆ ಸಿಕ್ಕವರು ಬಾಬ್ ಎಂಬ ಶಸ್ತ್ರವೈದ್ಯರು. ವೈದ್ಯರಾಗಿದ್ದೂ ತಮ್ಮ ಕುಡಿತವನ್ನು ನಿಲ್ಲಿಸಲಾರದೆ ಸೋತವರು. ಕಾಲು ಗಂಟೆ ಕೊಡುತ್ತೇನೆಂದು ಬಂದವರು ಗಂಟೆಗಟ್ಟಲೆ ಕೂತರು. ಬಿಲ್ ಉಪದೇಶ ಮಾಡಲಿಲ್ಲ. ತನ್ನ ಕಥೆಯನ್ನು ಹೇಳಿಕೊಂಡ, ಅಷ್ಟೆ. ಡಾ. ಬಾಬ್ ಕೊನೆಯ ಬಾರಿ ಕುಡಿದ 1935ರ ಜೂನ್ 10ನ್ನು ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಸಂಘದ ಹುಟ್ಟಿದ ದಿನವೆಂದು ಎಣಿಸುತ್ತಾರೆ. ಭಾರತಕ್ಕೆ ಅದು ಬಂದದ್ದು 1957ರಲ್ಲಿ.

ಈ ಸಂಘದ ಕಟ್ಟಳೆಗಳು ಕೆಲವು ನಮ್ಮ ಸಂಸ್ಥೆಗಳಿಗೆ ವಿಚಿತ್ರವಾಗಿ ಕಂಡಾವು. ಸದಸ್ಯನಾಗಲು ಕುಡಿತ ಬಿಡಬೇಕೆಂಬ ಆಸೆ ಇದ್ದರೆ ಸಾಕು, ಶುಲ್ಕವಿಲ್ಲ, ಅರ್ಜಿಯಿಲ್ಲ. ಹೊರಗಿನವರ ದೇಣಿಗೆ ಪಡೆಯುವುದಿಲ್ಲ. ಕೂಟದಲ್ಲಿ ಆಡಿದ ಮಾತು ಹೊರಗೆ ಹೋಗಬಾರದು, ಬಂದವರ ಪೂರ್ಣ ಹೆಸರು ಎಲ್ಲಿಯೂ ಬರಬಾರದು. ಜೀವನವಿಡೀ ಬಿಡುತ್ತೇನೆಂದು ಆಣೆ ಇಡಿಸುವುದಿಲ್ಲ. ಇವತ್ತು ಒಂದು ದಿನ ಕುಡಿಯದಿರೋಣ ಎನ್ನುತ್ತಾರೆ. ಮರಳಿ ಕುಡಿದು ಬಂದವನಿಗೂ ಅದೇ ಕುರ್ಚಿ, ಅದೇ ಚಹ. ಕುಡುಕರ ಮನೆಯವರಿಗಾಗಿ ಬಿಲ್ಲನ ಹೆಂಡತಿ ಲೋಯಿಸ್ ಮತ್ತು ಜೊತೆಗಾತಿಯರು 1951ರಲ್ಲಿ ಅಲ್-ಅನಾನ್ ಎಂಬ ಬೇರೊಂದು ಕೂಟವನ್ನೇ ಕಟ್ಟಿದರು. ನಮ್ಮ ಓದುಗ ತಾಯಂದಿರಿಗೆ ಇದು ಮುಖ್ಯವೆಂದು ನಾವು ತಿಳಿಯುತ್ತೇವೆ: ಗಂಡ ಬಿಡಲಿ ಬಿಡದಿರಲಿ, ಹೆಂಡತಿಗೂ ತನ್ನ ದುಃಖವನ್ನು ಬಲ್ಲವರ ನಡುವೆ ಕೂರುವ ಹಕ್ಕಿದೆ.

ಪಟ್ಟಣದ ಕೂಟ ಹಳ್ಳಿಗೆ ಒಗ್ಗುವುದೇ ಎಂದು ಕೇಳುವವರಿದ್ದಾರೆ. ಒಗ್ಗಿಸಿದವರು ಇದ್ದಾರೆ. ಕುಡಿತದಿಂದ ಪತಿಯನ್ನು ಕಳೆದುಕೊಂಡ ಶಾಂತಿ ರಂಗನಾಥನ್ ಅವರು 1980ರಲ್ಲಿ ಚೆನ್ನೈನಲ್ಲಿ ಟಿ.ಟಿ. ರಂಗನಾಥನ್ ಹೆಸರಿನ ಚಿಕಿತ್ಸಾ ಸಂಸ್ಥೆಯನ್ನು ಕಟ್ಟಿದರು. 1989ರಿಂದ ತಂಜಾವೂರು ಸೀಮೆಯ ಮಂಜಕ್ಕುಡಿ ಎಂಬ ಹಳ್ಳಿಯಲ್ಲಿ, ಊರವರ ಸಹಾಯದಿಂದಲೇ, ಶಿಬಿರಗಳನ್ನು ನಡೆಸಿದರು. ನಮ್ಮ ಕರ್ನಾಟಕದಲ್ಲಿ ಈ ಕೆಲಸವನ್ನು ಬಹು ದೊಡ್ಡ ಪ್ರಮಾಣದಲ್ಲಿ ಮಾಡಿದ್ದು ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಗಳು. ಅವುಗಳ ಮದ್ಯವರ್ಜನ ಶಿಬಿರ ಎಂಟು ದಿನಗಳದು. ಊರಿನ ಪ್ರಮುಖರ ಸಮಿತಿ, ಯಾವುದೋ ಕಲ್ಯಾಣ ಮಂಟಪ, ಅಲ್ಲಿಯೇ ಊಟ, ಅಲ್ಲಿಯೇ ನಿದ್ದೆ. ವೈದ್ಯರ ತಪಾಸಣೆ, ವ್ಯಾಯಾಮ, ಭಜನೆ, ಆಪ್ತಸಲಹೆ. ಕೊನೆಗೆ ಮನೆಯವರನ್ನೂ ಕರೆಸಿ ಕೂರಿಸುವುದು. ನಮ್ಮ ಮೈಸೂರು ಜಿಲ್ಲೆಯ ತಾಲ್ಲೂಕುಗಳಲ್ಲಿಯೂ ಇಂತಹ ಶಿಬಿರಗಳು ನಡೆದಿವೆ.

ಶಿಬಿರದ ಫೋಟೋಗಳು ಪತ್ರಿಕೆಗಳಲ್ಲಿ ಬರುತ್ತವೆ. ಪತ್ರಿಕೆಗಳಲ್ಲಿ ಬರದಿರುವುದು ಅದರ ನಂತರದ ಕೆಲಸ. ಶಿಬಿರ ಮುಗಿಸಿದವರನ್ನು ಸೇರಿಸಿ 'ನವಜೀವನ ಸಮಿತಿ' ಎಂಬ ಕೂಟ ರಚಿಸುತ್ತಾರೆ. ಅವರೇ ನಿಯಮಿತವಾಗಿ ಸೇರಿ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳಬೇಕು. ಸಭೆಗೆ ಬಾರದವನ ಮನೆಗೆ ಹೋಗಿ ಕರೆಯಬೇಕು. ಮುಂದಿನ ಶಿಬಿರಕ್ಕೆ ತಾವೇ ಹೊಸಬರನ್ನು ಕರೆತರಬೇಕು. ನೂರು ದಿನ ಕುಡಿಯದೆ ಕಳೆದವರಿಗೆ ಶತದಿನೋತ್ಸವ ಮಾಡುತ್ತಾರೆ. ಗಾಂಧಿ ಜಯಂತಿಯ ಸುಮಾರಿಗೆ ಪಾನಮುಕ್ತರ ಸಮಾವೇಶಗಳು ನಡೆಯುತ್ತವೆ. ನೂರು ದಿನಕ್ಕೆ ಹಾರ ಹಾಕುವುದೇ ಎಂದು ನಗುವವರಿಗೆ, ನೂರು ಸಂಜೆಗಳನ್ನು ಒಬ್ಬ ಮನುಷ್ಯ ಹೇಗೆ ದಾಟಿದನೆಂಬುದು ತಿಳಿಯದು. ಸಮಿತಿ ಜೀವಂತವಾಗಿರುವ ಕಡೆ ಶಿಬಿರದ ಫಲ ಉಳಿಯುತ್ತದೆ. ಸಮಿತಿ ಸೊರಗಿದ ಕಡೆ ಶಿಬಿರಕ್ಕೆ ಖರ್ಚು ಮಾಡಿದ್ದು ನೀರಿನಲ್ಲಿ ಹೋಮ ಮಾಡಿದಂತೆ.

ಮನೆಯವರು ತಿಳಿದಿರಬೇಕಾದ ಎರಡು ಅಪಾಯಗಳು

ಬಿದ್ದು ಎದ್ದವರ ಕೂಟವೇ ವೈದ್ಯರಿಗೆ ಬದಲಿಯೆಂದು ಯಾರೂ ತಿಳಿಯಬಾರದು. ಬೆಳಗಿನಿಂದಲೇ ಕುಡಿಯುವವನು, ವರ್ಷಗಟ್ಟಲೆ ದಿನವೂ ಕುಡಿದವನು ಒಂದೇ ದಿನ ಹಟದಿಂದ ನಿಲ್ಲಿಸಿದರೆ ಮೈ ಬೆವರಿ ಕೈ ನಡುಗುತ್ತದೆ, ನಿದ್ದೆ ಬಾರದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದಲ್ಲಿ ಇಲ್ಲದ್ದು ಕಾಣುವುದು, ಗೋಡೆಯ ಮೇಲೆ ಹುಳು ಹರಿದಂತೆ ಹೆದರುವುದು, ಮನೆಯವರ ಗುರುತು ತಪ್ಪುವುದು ಆಗಬಹುದು. ಇದನ್ನು ಗಾಳಿಯ ಸೋಕೆಂದು ತಿಳಿದು ಮಂತ್ರ ಹಾಕಿಸಲು ಒಯ್ಯುವವರಿದ್ದಾರೆ. ಇದು ಪ್ರಾಣಕ್ಕೆ ಅಪಾಯವಾಗುವ ಸ್ಥಿತಿ, ಒಯ್ಯಬೇಕಾದದ್ದು ಆಸ್ಪತ್ರೆಗೆ. ಕೆಲವು ದಿನಗಳ ಮಾತ್ರೆ ಮತ್ತು ಬಿ1 ಜೀವಸತ್ವದ ಚುಚ್ಚುಮದ್ದಿನಿಂದ ವೈದ್ಯರು ಈ ಹಂತವನ್ನು ದಾಟಿಸಬಲ್ಲರು.

ಎರಡನೆಯದು, ಕುಡಿಯುವವನಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸಿ ಕೊಡಿ ಎಂದು ಜಾಹೀರಾತುಗಳಲ್ಲಿ ಬರುವ ಪುಡಿಗಳು. ಇವುಗಳಲ್ಲಿ ಏನಿದೆಯೆಂದು ತಿಳಿಯುವ ಬಗೆ ಇಲ್ಲ. ಕುಡಿದರೆ ವಾಂತಿ, ಎದೆಬಡಿತ ಬರಿಸುವ ಡೈಸಲ್ಫಿರಾಂ ಎಂಬ ಔಷಧಿಯೊಂದಿದೆ. ಅದನ್ನು ವೈದ್ಯರು ಹೃದಯ, ಪಿತ್ತಜನಕಾಂಗಗಳನ್ನು ಪರೀಕ್ಷಿಸಿ, ರೋಗಿಗೆ ಎಲ್ಲವನ್ನೂ ತಿಳಿಸಿ, ಅವನ ಒಪ್ಪಿಗೆಯ ಮೇಲೆ ಕೊಡುತ್ತಾರೆ. ತಿಳಿಯದೆ ಅದನ್ನು ತಿಂದವನು ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಸಾಯಲೂಬಹುದು. ತಾಯಂದಿರು ಕಣ್ಣೀರಿನಿಂದ ಮಾಡುವ ಕೆಲಸವೇ ಮನೆಯ ಯಜಮಾನನ ಪ್ರಾಣಕ್ಕೆ ಮುಳುವಾಗಬಾರದು.

ಅವರ ಪರವಾಗಿ ಮಾತನಾಡುವವರು

ಒಬ್ಬರಿಗೊಬ್ಬರು ಆಸರೆಯಾಗುವುದು ಒಂದು ಕೆಲಸ. ತಮ್ಮ ಪರವಾಗಿ ತಾವೇ ಮಾತನಾಡುವುದು ಇನ್ನೊಂದು. ಹಾಲೆಂಡಿನ ರಾಟರ್‌ಡ್ಯಾಮ್ ನಗರದಲ್ಲಿ 1970ರ ದಶಕದ ಕೊನೆಯಲ್ಲಿ ಅಫೀಮಿನ ಚುಚ್ಚುಮದ್ದಿನ ಚಟದಲ್ಲಿದ್ದವರೇ ತಮ್ಮ ಸಂಘ ಕಟ್ಟಿಕೊಂಡರು. ಸೂಜಿ ಹಂಚಿಕೊಳ್ಳುವುದರಿಂದ ಕಾಮಾಲೆ ಹರಡುತ್ತಿದ್ದಾಗ, 1984ರಲ್ಲಿ ಆಂಸ್ಟರ್‌ಡ್ಯಾಮಿನಲ್ಲಿ ಶುದ್ಧ ಸೂಜಿ ಒದಗಿಸುವ ಏರ್ಪಾಟು ಆಗಲು ಅಂತಹ ಸಂಘದ ಒತ್ತಾಯವೇ ಕಾರಣ. ಏಡ್ಸ್ ಹರಡತೊಡಗಿದಾಗ ಅದೇ ಉಪಾಯ ಲೋಕದ ಕಣ್ಣು ತೆರೆಸಿತು. ನಮ್ಮದೇ ದೇಶದ ಮಣಿಪುರದಲ್ಲಿ ಆ ಚಟದಿಂದ ಹೊರಬಂದ ಯುವಕರು 1991ರಲ್ಲಿ 'ಸಾಸೋ' ಎಂಬ ಸಂಸ್ಥೆ ಕಟ್ಟಿ ತಮ್ಮವರನ್ನು ಉಳಿಸಲು ಹೊರಟರು. ಚಟದಲ್ಲಿರುವವನಿಗೆ ಸೂಜಿ ಕೊಡುವುದೇ ಎಂದು ನಮ್ಮ ಓದುಗರು ಹುಬ್ಬೇರಿಸುವುದು ಸಹಜ. ಬದುಕಿ ಉಳಿದವನು ಮಾತ್ರ ಮುಂದೊಂದು ದಿನ ಚಟ ಬಿಡಬಲ್ಲ ಎಂಬುದು ಅವರ ಉತ್ತರ; ಅದನ್ನು ತಳ್ಳಿಹಾಕುವುದು ನಮಗೆ ಸಾಧ್ಯವಾಗಲಿಲ್ಲ.

ನಮ್ಮ ನಾಡಿನಲ್ಲಿ ಮದ್ಯದ ವಿರುದ್ಧ ಬೀದಿಗೆ ಇಳಿದವರು ಹೆಚ್ಚಾಗಿ ಹೆಣ್ಣುಮಕ್ಕಳು. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಸಾವಿರಾರು ಗ್ರಾಮೀಣ ಮಹಿಳೆಯರು ಮದ್ಯ ನಿಷೇಧ ಕೇಳಿ ಕಾಲ್ನಡಿಗೆಯಲ್ಲಿ ಬಂದರು. ಆ ತಾಯಂದಿರ ಪಕ್ಕದಲ್ಲಿ ಕುಡಿತ ಬಿಟ್ಟ ಗಂಡಸರೂ ದನಿಗೂಡಿಸಿದರೆ ಆ ಮಾತಿನ ತೂಕವೇ ಬೇರೆ. ಪೆಟ್ಟಿಗೆ ಅಂಗಡಿಯಲ್ಲಿ ಪೊಟ್ಟಣ ಯಾವ ಹಲಗೆಯ ಹಿಂದಿದೆ, ಯಾವ ಹೊತ್ತಿಗೆ ಯಾರು ತರುತ್ತಾರೆ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಶಾಲೆ, ದೇವಸ್ಥಾನ, ಆಸ್ಪತ್ರೆಗಳಿಂದ 100 ಮೀಟರಿನೊಳಗೆ ಮದ್ಯದಂಗಡಿ ಕೂಡದೆಂದು ರಾಜ್ಯದ ಅಬಕಾರಿ ನಿಯಮವಿದೆ. ಗ್ರಾಮಸಭೆಯಲ್ಲಿ ಎದ್ದು ನಿಂತು ಈ ಮಾತನ್ನು ಹೇಳಲು ಪಾನಮುಕ್ತನಿಗೆ ಸಮಾಜ ಬೆನ್ನು ಕೊಡಬೇಕು.

ಕಾನೂನು ಕೂಡ ನಾವು ತಿಳಿದಷ್ಟು ಕಠಿಣವಾಗಿಲ್ಲ. ಗಾಂಜಾ ಮುಂತಾದ ಮಾದಕ ವಸ್ತುಗಳ ಚಟಕ್ಕೆ ಸಿಕ್ಕ ಹುಡುಗರ ತಂದೆತಾಯಿಗಳು ಪೊಲೀಸರಿಗೆ ಹೆದರಿ ಆಸ್ಪತ್ರೆಗೂ ಹೋಗುವುದಿಲ್ಲ. 1985ರ ಮಾದಕ ವಸ್ತುಗಳ ಕಾಯಿದೆಯ 64-ಎ ಕಲಂ, ಸ್ವಲ್ಪ ಪ್ರಮಾಣ ಇಟ್ಟುಕೊಂಡದ್ದಕ್ಕೋ ಸೇವಿಸಿದ್ದಕ್ಕೋ ಆರೋಪಕ್ಕೆ ಒಳಗಾದ ವ್ಯಸನಿ ತಾನಾಗಿ ಸರ್ಕಾರದ ಮಾನ್ಯತೆಯುಳ್ಳ ಕಡೆ ಚಿಕಿತ್ಸೆಗೆ ಬಂದು ಅದನ್ನು ಪೂರ್ತಿ ಮುಗಿಸಿದರೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. 2017ರ ಮಾನಸಿಕ ಆರೋಗ್ಯ ಕಾಯಿದೆ ಮದ್ಯ ಮತ್ತು ಮಾದಕ ವಸ್ತುಗಳಿಂದ ಆಗುವ ಮನೋವಿಕಾರವನ್ನೂ ಕಾಯಿಲೆಯೆಂದೇ ಎಣಿಸಿದೆ. ರೋಗಿಯನ್ನು ಯಾವ ರೀತಿಯಲ್ಲಿಯೂ ಸರಪಳಿಯಿಂದ ಬಿಗಿಯಕೂಡದೆಂದು ಹೇಳಿದೆ. ವ್ಯಸನ ಬಿಡಿಸುತ್ತೇವೆಂದು ಕೂಡಿಹಾಕಿ ಹೊಡೆಯುವ ಕೇಂದ್ರಗಳ ಕಥೆಗಳನ್ನು ಕೇಳಿದಾಗ ಈ ಮಾತನ್ನು ಮನೆಯವರು ನೆನಪಿಡಬೇಕು. ಹೊಡೆತ ತಿನ್ನುವ ಹೆಂಡತಿಗೂ ದಾರಿಯಿದೆ: ತಾಲ್ಲೂಕಿನ ನ್ಯಾಯಾಲಯದಲ್ಲಿ ಇರುವ ಕಾನೂನು ಸೇವಾ ಸಮಿತಿಯಿಂದ ವಕೀಲರ ನೆರವು ಹೆಣ್ಣುಮಕ್ಕಳಿಗೆ, ಆದಾಯ ಎಷ್ಟಿದ್ದರೂ, ಉಚಿತ.

ನಾವು ಕೇಳುವುದು ಒಂದು ಕೋಣೆ

ಈಗ ನಮ್ಮ ನಾಲ್ಕು ತಾಲ್ಲೂಕುಗಳ ವಿಚಾರಕ್ಕೆ ಬರೋಣ. ಹೆಗ್ಗಡದೇವನಕೋಟೆಯಿಂದಲೋ ಪಿರಿಯಾಪಟ್ಟಣದಿಂದಲೋ ಮೈಸೂರಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋದಂತೆ. ಮೈಸೂರಿನ ಕೂಟ ಎಷ್ಟೇ ಚೆನ್ನಾಗಿರಲಿ, ವಾರವಾರವೂ ಅಲ್ಲಿಗೆ ಹೋಗಿ ಬಾ ಎಂದು ರೈತನಿಗೆ ಹೇಳಲಾಗದು. ತಾಲ್ಲೂಕು ಕೇಂದ್ರದಲ್ಲಿ, ಸಾಧ್ಯವಾದರೆ ಹೋಬಳಿಯಲ್ಲಿಯೇ ಇದು ನಡೆಯಬೇಕು. ನಮ್ಮ ಸಮಾಜಕ್ಕೆ ಕಟ್ಟಡಗಳಿಗೇನೂ ಕೊರತೆಯಿಲ್ಲ. ಮಠಗಳಿವೆ, ಬಸವ ಭವನಗಳಿವೆ, ವಿದ್ಯಾರ್ಥಿನಿಲಯಗಳಿವೆ, ಮದುವೆಯ ಋತು ಕಳೆದ ಮೇಲೆ ಬೀಗ ಹಾಕಿರುವ ಕಲ್ಯಾಣ ಮಂಟಪಗಳಿವೆ. ವಾರಕ್ಕೆ ಒಂದು ಸಂಜೆ ಎರಡು ಗಂಟೆಯ ಹೊತ್ತು ಒಂದು ಕೋಣೆಯನ್ನು ಬಿದ್ದು ಎದ್ದವರಿಗೆ ಬಿಟ್ಟುಕೊಡಬಾರದೇ?

ಆದರೆ ಒಂದೆರಡು ಸೂಕ್ಷ್ಮಗಳನ್ನು ಪಾಲಿಸಬೇಕು. ಬಾಗಿಲಿಗೆ ನಾಮಫಲಕ ಬೇಡ. ದಾನಿಗಳ ಹೆಸರಿನ ಕಲ್ಲಂತೂ ಬೇಡವೇ ಬೇಡ. ಉದ್ಘಾಟನೆ, ವೇದಿಕೆ, ಫೋಟೋ, ಅಧ್ಯಕ್ಷೀಯ ಭಾಷಣ ಇವು ಯಾವುವೂ ಬೇಡ. ಫೋಟೋ ತೆಗೆಯುತ್ತಾರೆಂದು ಗೊತ್ತಾದರೆ ಮದುವೆಗೆ ಬಂದ ಮಗಳಿರುವ ತಂದೆ ಆ ಕಡೆಗೆ ತಲೆ ಹಾಕುವುದಿಲ್ಲ. ಸಮಾಜದ ಮುಖಂಡರು ಕೀಲಿಕೈ ಕೊಟ್ಟು ಹಿಂದೆ ಸರಿಯಬೇಕು. ಕೂಟವನ್ನು ನಡೆಸುವವರು ಕುಡಿತ ಬಿಟ್ಟವರೇ ಆಗಿರಬೇಕು, ಮುಖಂಡರಾಗಲಿ ನಾವಾಗಲಿ ಅಲ್ಲ. ಬಂದವನ ಜಾತಿ ಕೇಳಬಾರದು. ಕಾಡಂಚಿನ ಹಾಡಿಯಿಂದ ಬಂದವನೂ, ಊರ ಪಟೇಲನ ಮಗನೂ ಒಂದೇ ಜಮಖಾನೆಯ ಮೇಲೆ ಕೂರುವ ಜಾಗವಾಗಬೇಕು ಅದು. ಶರಣರ ಹೆಸರು ಹೇಳುವ ಕಟ್ಟಡದಲ್ಲಿ ಇದನ್ನು ಬೇರೆ ಹೇಳಬೇಕಾಗಿಲ್ಲ. ಹೆಣ್ಣುಮಕ್ಕಳ ಕೂಟಕ್ಕೆ ಬೇರೊಂದು ಮಧ್ಯಾಹ್ನವಿರಲಿ, ಹೊಲದ ಕೆಲಸ ಮುಗಿಯುವ ಹೊತ್ತು ನೋಡಿ. ಹರಾಜಿನ ತಿಂಗಳುಗಳಲ್ಲಿ ಮಾತ್ರ ವಾರಕ್ಕೆ ಎರಡು ಸಂಜೆ ಬೇಕಾದೀತು.

ಮಠಗಳ ಪೂಜ್ಯರಲ್ಲಿಯೂ ನಮ್ಮದೊಂದು ಬಿನ್ನಹ. ಆಣೆ ಇಡಲು ಬಂದವನಿಂದ ಆಣೆ ಮಾತ್ರ ಪಡೆದು ಕಳುಹಿಸದೆ, ಆ ವಾರದ ಕೂಟಕ್ಕೆ ಅವನ ಕೈಯನ್ನು ಇನ್ನೊಬ್ಬ ಬಿಟ್ಟವನ ಕೈಗೆ ಕೊಟ್ಟು ಕಳುಹಿಸಬೇಕು. ಆಣೆ ಮುರಿದು ಮೂರು ತಿಂಗಳು ಮುಖ ತಪ್ಪಿಸಿದವನಿಗೆ "ಬಾರಪ್ಪ, ಊಟ ಮಾಡಿ ಹೋಗು" ಎಂದು ಹೇಳಿ ಕಳುಹಿಸಬೇಕು. ದಾಸೋಹದ ಪಂಕ್ತಿಯಲ್ಲಿ ಅವನಿಗೆ ಎಲೆ ಹಾಕಿದರೆ ಊರು ತಾನಾಗಿ ಅವನಿಗೆ ಹಾದಿ ಬಿಡುತ್ತದೆ.

ವೈದ್ಯಕೀಯ ನೆರವಿಗೆ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರಗಳಂದು ಬಂದು ನೋಡುವ 'ಮನೋಚೈತನ್ಯ' ಎಂಬ ಏರ್ಪಾಟನ್ನು ರಾಜ್ಯ ಸರ್ಕಾರ ಮಾಡಿದೆ. ನಿಮ್ಮ ತಾಲ್ಲೂಕಿಗೆ ಬರುವ ದಿನವನ್ನು ಆಸ್ಪತ್ರೆಯಲ್ಲಿ ವಿಚಾರಿಸಿಕೊಳ್ಳಿರಿ. ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟಿನ ಆಸ್ಪತ್ರೆಯಿದೆ. ಮೈಸೂರಿನಲ್ಲಿ ಕೃಷ್ಣರಾಜೇಂದ್ರ ಆಸ್ಪತ್ರೆ ಮತ್ತು ಜೆ.ಎಸ್.ಎಸ್. ಆಸ್ಪತ್ರೆಗಳಿವೆ. ಊರಿನಲ್ಲಿ ಯಾರಿಗೂ ತಿಳಿಯದಂತೆ ಮೊದಲು ಫೋನಿನಲ್ಲಿಯೇ ವಿಚಾರಿಸಬೇಕೆನ್ನುವವರಿಗೆ ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಮನಸ್ಸಿನ ಆರೋಗ್ಯಕ್ಕಾಗಿ 2022ರಲ್ಲಿ ಆರಂಭವಾದ ಟೆಲಿ ಮಾನಸ್ 14416. ಎರಡಕ್ಕೂ ಹಣ ಕೊಡಬೇಕಾಗಿಲ್ಲ. ಕರೆ ಮಾಡುವವರು ಕುಡಿಯುವವರೇ ಆಗಬೇಕೆಂದೂ ಇಲ್ಲ. ಹೆಂಡತಿಯೋ ಮಗನೋ ಸೊಸೆಯೋ ಮಾಡಿ ಮುಂದೇನು ಮಾಡಬೇಕೆಂದು ಕೇಳಬಹುದು.